ಮ್ಯಾಟ್‌ಪವರ್: ಗಾಳಿ ಕರೆಂಟಿನ ವೋಲ್ಟೇಜ್ ಲೆಕ್ಕಕ್ಕೆ ನಾನು ನಂಬಿರುವ ಪುಕ್ಕಟೆ ಸಾಫ್ಟ್‌ವೇರ್

ಜೂನ್ ತಿಂಗಳ ಒಂದು ರಾತ್ರಿ, ಎರಡೂವರೆ ಗಂಟೆ. 110 ಕೆವಿ ಸಬ್‌ಸ್ಟೇಷನ್‌ನಲ್ಲಿ ನನ್ನದು ನೈಟ್ ಶಿಫ್ಟ್. ಗಾಳಿಗೆ ಕಂಟ್ರೋಲ್ ರೂಮಿನ ಬಾಗಿಲು ನಿಲ್ಲದೆ ಇಟ್ಟಿಗೆ ಒತ್ತಿಟ್ಟಿದ್ದೆವು. ಗುಡ್ಡದ ಮೇಲಿನ ಗಾಳಿ ವಿದ್ಯುತ್ತಿನ ಫ್ಯಾನುಗಳೆಲ್ಲ ತುಂಬು ಲೋಡಿನಲ್ಲಿ ತಿರುಗುತ್ತಿದ್ದವು. ಪ್ಯಾನೆಲ್ ಮೀಟರಿನಲ್ಲಿ ವೋಲ್ಟೇಜ್ 110ರಿಂದ ಒಂದಿಷ್ಟು ಮೇಲೆ. ಎರಡು ಗಂಟೆಯ ರೀಡಿಂಗ್ ಲಾಗ್ ಶೀಟಿನಲ್ಲಿ ಬರೆದು, ಪಕ್ಕದಲ್ಲಿ ‘ನಾರ್ಮಲ್’ ಎಂದು ಸೇರಿಸಿದ್ದೆ.

ಅಷ್ಟರಲ್ಲಿ ಸಿಡಿಲಿಗೆ ಒಂದು ಲೈನ್ ಟ್ರಿಪ್ ಆಯಿತು. ನಮಗಿದ್ದದ್ದು ಎರಡು ಸರ್ಕ್ಯೂಟ್, ಅಂದರೆ ಎರಡು ಲೈನ್. ಇನ್ನೊಂದು ಇದೆಯಲ್ಲ ಎಂದು ನಾನು ಅಷ್ಟೇನೂ ಗಾಬರಿಯಾಗಲಿಲ್ಲ. ಆದರೆ ಮೀಟರಿನ ಮುಳ್ಳು ಕೆಳಗೆ ಇಳಿಯಿತು, ಮತ್ತೆ ಮೇಲೆ ಬರಲಿಲ್ಲ. ಇಳಿಯುತ್ತಲೇ ಹೋಯಿತು. ಗಾಳಿ ಫೀಡರುಗಳು, ಅಂದರೆ ಫ್ಯಾನುಗಳಿಂದ ನಮ್ಮಲ್ಲಿಗೆ ಬರುವ ಲೈನುಗಳು, ಒಂದರ ಹಿಂದೆ ಒಂದು ಬಿದ್ದವು. ಕೊನೆಯದು ಬಿದ್ದ ತಕ್ಷಣ ಮುಳ್ಳು ಉಲ್ಟಾ ತಿರುಗಿ 120 ದಾಟಿತು. ವೋಲ್ಟೇಜ್ ಎತ್ತಿ ಹಿಡಿಯುವ ಕೆಪಾಸಿಟರ್ ಬ್ಯಾಂಕ್ ಇನ್ನೂ ಆನ್ ಇತ್ತು. ಓಡಿ ಹೋಗಿ ಅದನ್ನು ಆಫ್ ಮಾಡಿದೆ. ಎಲ್ಲ ಸೇರಿ ಒಂದು ನಿಮಿಷ ಹಿಡಿಯಿತೋ ಇಲ್ಲವೋ.

ಅವತ್ತಿನಿಂದ ನನ್ನನ್ನು ಕಾಡಿದ್ದು ನಾನು ಬರೆದ ಆ ‘ನಾರ್ಮಲ್’ ಅನ್ನೋ ಪದ. ಮೀಟರ್ ತಪ್ಪು ತೋರಿಸಿರಲಿಲ್ಲ. ನಾನೂ ಸುಳ್ಳು ಬರೆದಿರಲಿಲ್ಲ. ಹಾಗಾದರೆ ಅಂಚಿನಲ್ಲಿ ನಿಂತಿದ್ದೇವೆ ಎಂದು ಯಾವ ಮೀಟರ್ ಹೇಳಬೇಕಿತ್ತು?

ಈಗ ನಾನು ಗದಗ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪವರ್ ಸಿಸ್ಟಮ್ಸ್ ಪಾಠ ಮಾಡುತ್ತೇನೆ. ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮ್ಯಾಟ್‌ಪವರ್ ಎಂಬ ಸಾಫ್ಟ್‌ವೇರಿನಲ್ಲಿ. ಆರು ವರ್ಷದಿಂದ ಬಳಸುತ್ತಿದ್ದೇನೆ. ಕನ್ನಡದಲ್ಲಿ ಇದರ ಬಗ್ಗೆ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ನಮ್ಮ ಹುಡುಗರಿಗೆ, ಗಾಳಿ ಸ್ಥಾವರಗಳಲ್ಲಿ ಶಿಫ್ಟ್ ಮಾಡುವವರಿಗೆ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಇದಕ್ಕೆ ಒಂದು ರೂಪಾಯಿಯೂ ಇಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ರೇ ಜಿಮ್ಮರ್‌ಮನ್ ಮತ್ತು ಜೊತೆಯವರು ಕಟ್ಟಿದ್ದು. 1997ರಿಂದಲೇ ಎಲ್ಲರಿಗೂ ಸಿಗುತ್ತಿದೆ. ಒಳಗಿನ ಕೋಡ್ ಪೂರ್ತಿ ತೆರೆದಿದೆ, ಯಾವ ಸಾಲು ಬೇಕಾದರೂ ಓದಬಹುದು. ಮ್ಯಾಟ್‌ಲ್ಯಾಬ್ ಮೇಲೆ ಓಡುತ್ತದೆ. ಅದಕ್ಕೆ ಲೈಸೆನ್ಸ್ ಬೇಕಲ್ಲ ಎಂದು ಹೆದರಬೇಡಿ, ಆಕ್ಟೇವ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಮೇಲೂ ಓಡುತ್ತದೆ. ನಾನು ಬಳಸುವುದು ಆಕ್ಟೇವನ್ನೇ. ಇದಕ್ಕೂ ಮುಂಚೆ ನಾನು ಒಂದು ತರಬೇತಿ ಕೇಂದ್ರಕ್ಕೆ ಹೋಗಿದ್ದೆ. ಹತ್ತು ದಿನಕ್ಕೆ 40,000 ರೂಪಾಯಿ ತೆಗೆದುಕೊಂಡರು. ಕಲಿಸಿದ ಸಾಫ್ಟ್‌ವೇರ್ ಅವರ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತಿತ್ತು. ಮನೆಗೆ ಬಂದ ಮೇಲೆ ಕೈಯಲ್ಲಿ ಉಳಿದದ್ದು ಸರ್ಟಿಫಿಕೇಟ್ ಒಂದೇ. ಅಭ್ಯಾಸ ಮಾಡೋಕೆ ಏನೂ ಇರಲಿಲ್ಲ.

ಇನ್‌ಸ್ಟಾಲ್ ಮಾಡುವುದು ಸುಲಭ. ಜಿಪ್ ಫೈಲ್ ಇಳಿಸಿ, ಬಿಚ್ಚಿ, ಅದರೊಳಗಿನ ಇನ್‌ಸ್ಟಾಲ್ ಕಮಾಂಡ್ ಕೊಡಬೇಕು. ಆಮೇಲೆ ಟೆಸ್ಟ್ ಕಮಾಂಡ್ ಕೊಟ್ಟರೆ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಸಾಲು ಸಾಲಾಗಿ ‘ಓಕೆ’, ‘ಓಕೆ’ ಎಂದು ಪರದೆ ಮೇಲೆ ಹರಿಯುತ್ತದೆ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಚಹಾ ಕುಡಿದು ಬರುವಷ್ಟು ಹೊತ್ತು. ಕೊನೆಗೆ ಎಲ್ಲ ಪರೀಕ್ಷೆ ಪಾಸ್ ಎಂಬ ಸಾಲು ಕಂಡರೆ ಕೆಲಸ ಶುರು ಮಾಡಬಹುದು.

ಈಗ ಅಸಲಿ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನಾನು ಅತಿ ಹೆಚ್ಚು ಬಳಸುವುದು ‘ರನ್‌ಸಿಪಿಎಫ್’ ಎಂಬ ಒಂದೇ ಕಮಾಂಡನ್ನು. ಕಂಟಿನ್ಯುಯೇಷನ್ ಪವರ್ ಫ್ಲೋ ಎಂದು ಅದರ ಪೂರ್ಣ ಹೆಸರು. ಈ ವಿಧಾನವನ್ನು 1992ರಲ್ಲಿ ಅಜ್ಜರಪು ಮತ್ತು ಕ್ರಿಸ್ಟಿ ಎಂಬಿಬ್ಬರು ವೋಲ್ಟೇಜ್ ಸ್ಥಿರತೆ ಅಳೆಯೋಕೆ ಎಂದೇ ಮಂಡಿಸಿದರು. ಮ್ಯಾಟ್‌ಪವರಿಗೆ ಇದು ಸೇರಿದ್ದು 2014ರ ಡಿಸೆಂಬರಿನಲ್ಲಿ, 5.0 ಆವೃತ್ತಿಯಲ್ಲಿ.

ಇದು ಯಾಕೆ ಬೇಕು ಅಂದರೆ, ಮಾಮೂಲಿ ಲೋಡ್ ಫ್ಲೋ ಲೆಕ್ಕ, ಅಂದರೆ ಯಾವ ಲೈನಿನಲ್ಲಿ ಎಷ್ಟು ಪವರ್, ಎಲ್ಲಿ ಎಷ್ಟು ವೋಲ್ಟೇಜ್ ಎಂಬ ಲೆಕ್ಕ, ಅಂಚಿನ ಹತ್ತಿರ ಬಂದಾಗ ಕೈಚೆಲ್ಲುತ್ತದೆ. ‘ಕನ್ವರ್ಜ್ ಆಗಲಿಲ್ಲ’, ಅಂದರೆ ಉತ್ತರ ಸಿಗಲಿಲ್ಲ, ಎಂದು ಹೇಳಿ ನಿಲ್ಲುತ್ತದೆ. ಆಗ ನಾವು ಡೇಟಾ ತಪ್ಪು ಹಾಕಿದ್ದೇವೋ, ಇಲ್ಲಾ ಗ್ರಿಡ್ಡಿಗೆ ನಿಜವಾಗಿಯೂ ತಾಕತ್ತು ಮುಗಿದಿದೆಯೋ, ಗೊತ್ತಾಗೋದಿಲ್ಲ. ರನ್‌ಸಿಪಿಎಫ್ ಹಾಗೆ ನಿಲ್ಲುವುದಿಲ್ಲ. ನೀವು ಎರಡು ಸ್ಥಿತಿ ಕೊಡುತ್ತೀರಿ: ಇವತ್ತಿನದು ಒಂದು, ಹೋಗಿ ಮುಟ್ಟಬೇಕಾದದ್ದು ಇನ್ನೊಂದು. ಅದು ಸಣ್ಣ ಸಣ್ಣ ಹೆಜ್ಜೆ ಇಟ್ಟು ನಡೆಯುತ್ತದೆ. ಪ್ರತಿ ಹೆಜ್ಜೆಯಲ್ಲೂ ವೋಲ್ಟೇಜ್ ಎಷ್ಟು ಎಂದು ಗೆರೆ ಎಳೆಯುತ್ತದೆ. ಗೆರೆ ಮುಂದೆ ಹೋಗುತ್ತಾ ಬಾಗಿ, ಒಂದು ಕಡೆ ತಿರುಗಿ, ಕೆಳಗಿನಿಂದ ವಾಪಸ್ ಬರುತ್ತದೆ. ಪಕ್ಕದಿಂದ ನೋಡಿದ ಮೂಗಿನ ಹಾಗೆ ಕಾಣುತ್ತದೆ, ಅದಕ್ಕೇ ಎಲ್ಲರೂ ಅದನ್ನು ಮೂಗು ಅಂತಲೇ ಕರೆಯುವುದು. ಮೂಗಿನ ತುದಿಯೇ ಮಿತಿ. ಇವತ್ತಿನ ಸ್ಥಿತಿಯಿಂದ ಆ ತುದಿಗೆ ಇರುವ ದೂರವೇ ನಮಗೆ ಬೇಕಾದ ಮಾರ್ಜಿನ್.

ಆ ರಾತ್ರಿಯ ಕಥೆಯನ್ನು ನಾನು ಒಂದು ಪುಟ್ಟ ಮಾದರಿ ಮಾಡಿಕೊಂಡಿದ್ದೇನೆ. ಪ್ರತಿ ವರ್ಷ ಮೊದಲ ಲ್ಯಾಬ್ ಇದೇ. ಎರಡೇ ಬಸ್, ಅಂದರೆ ಲೈನುಗಳು ಬಂದು ಸೇರುವ ಎರಡೇ ಜಾಗ. ಒಂದು ಕಡೆ ಗಟ್ಟಿ ಗ್ರಿಡ್, ಇನ್ನೊಂದು ಕಡೆ 75 ಮೆಗಾವಾಟ್ ಗಾಳಿ ಸ್ಥಾವರ. ನಡುವೆ 110 ಕೆವಿಯ ಎರಡು ಸರ್ಕ್ಯೂಟ್, ಒಂದೊಂದಕ್ಕೂ ಸುಮಾರು 97 ಓಮ್ ರಿಯಾಕ್ಟನ್ಸ್ (ಎಸಿ ಕರೆಂಟಿಗೆ ಲೈನ್ ಒಡ್ಡುವ ಒಂದು ಬಗೆಯ ಅಡ್ಡಿ). ಗಾಳಿ ಕಡೆ 12.5 ಎಂವಿಎಆರ್ ಕೆಪಾಸಿಟರ್. ಎಂವಿಎಆರ್ ಅಂದರೆ ರಿಯಾಕ್ಟಿವ್ ಪವರಿನ ಅಳತೆ; ತಾನು ಕೆಲಸ ಮಾಡದೆ ವೋಲ್ಟೇಜನ್ನು ಎತ್ತಿ ಹಿಡಿಯುವ ಪವರ್ ಅದು. ನಿಜವಾದ ಜಾಗದಲ್ಲಿ ಲೈನ್ ಇಷ್ಟು ದುರ್ಬಲ ಇರುವುದು ಕಡಿಮೆ. ವಿಷಯ ಕಣ್ಣಿಗೆ ಹೊಡೆಯುವಂತೆ ಕಾಣಲಿ ಎಂದು ಅಂಕಿ ಉಬ್ಬಿಸಿದ್ದೇನೆ. ಲೈನಿನ ರೆಸಿಸ್ಟನ್ಸ್ ಸೊನ್ನೆ ಇಟ್ಟಿದ್ದೇನೆ, ಹುಡುಗರು ಕೈಯಲ್ಲಿ ಲೆಕ್ಕ ಮಾಡಿ ತಾಳೆ ನೋಡಲಿ ಎಂದು.

ಎರಡೂ ಸರ್ಕ್ಯೂಟ್ ಇದ್ದಾಗ 75 ಮೆಗಾವಾಟಿಗೆ ವೋಲ್ಟೇಜ್ 110.5 ಕೆವಿ ಬರುತ್ತದೆ. ನಮ್ಮ ಗ್ರಿಡ್ ಕೋಡ್ ಪ್ರಕಾರ 110 ಕೆವಿಗೆ 99ರಿಂದ 121ರ ತನಕ ಸರಿ. ಅಂದರೆ ಲಾಗ್ ಶೀಟಿನ ಭಾಷೆಯಲ್ಲಿ ನಾರ್ಮಲ್. ಶುರುವನ್ನು ಸೊನ್ನೆಗೆ, ಗುರಿಯನ್ನು 150 ಮೆಗಾವಾಟಿಗೆ ಇಟ್ಟು ರನ್‌ಸಿಪಿಎಫ್ ಓಡಿಸಿದರೆ ದಾರಿಯ 0.88 ಪಾಲಿನ ಹತ್ತಿರ ಮೂಗು ಸಿಗುತ್ತದೆ. ಅಂದರೆ 132 ಮೆಗಾವಾಟ್. ಮಾರ್ಜಿನ್ 57. ಬೇಕಾದಷ್ಟಾಯಿತು ಅಲ್ವಾ?

ಈಗ ಒಂದು ಸರ್ಕ್ಯೂಟಿನ ಸ್ಟೇಟಸ್ 1 ಇದ್ದದ್ದನ್ನು 0 ಮಾಡಿ ಮತ್ತೆ ಓಡಿಸಿ. ಮೂಗು 69 ಮೆಗಾವಾಟಿಗೆ ಬಂದು ನಿಲ್ಲುತ್ತದೆ. ಗಾಳಿ ಕೊಡುತ್ತಿರುವುದು 75. ಉಳಿದ ಒಂದು ಲೈನಿನಲ್ಲಿ ಅಷ್ಟು ಪವರ್ ಹೋಗುವ ಸ್ಥಿತಿಯೇ ಇಲ್ಲ. ಲೆಕ್ಕಕ್ಕೆ ಉತ್ತರವೇ ಇಲ್ಲ.

ಕಳೆದ ವರ್ಷ ಒಬ್ಬ ಹುಡುಗ ಇಲ್ಲಿ ತಡೆದು ಕೇಳಿದ. “ಸರ್, ಒಂದ್ ಲೈನ್ ಅದ ಅಲ್ರೀ, ಮತ್ತ ಯಾಕ ಹೋಗಂಗಿಲ್ರೀ?” ಬಹಳ ಒಳ್ಳೆ ಪ್ರಶ್ನೆ. ತಂತಿ ಸುಟ್ಟು ಹೋಗುತ್ತೆ ಅಂತಲ್ಲ. ಲೈನಿನ ರಿಯಾಕ್ಟನ್ಸ್ ರಿಯಾಕ್ಟಿವ್ ಪವರ್ ತಿನ್ನುತ್ತದೆ, ಅದೂ ಕರೆಂಟಿನ ವರ್ಗದ ಲೆಕ್ಕದಲ್ಲಿ. ಕರೆಂಟು ದುಪ್ಪಟ್ಟಾದರೆ ತಿನ್ನುವುದು ನಾಲ್ಕು ಪಟ್ಟು. ತಿಂದಷ್ಟೂ ವೋಲ್ಟೇಜ್ ಬೀಳುತ್ತದೆ. ವೋಲ್ಟೇಜ್ ಬಿದ್ದರೆ ಅದೇ ಮೆಗಾವಾಟಿಗೆ ಕರೆಂಟು ಇನ್ನೂ ಜಾಸ್ತಿ ಬೇಕು. ಕರೆಂಟು ಜಾಸ್ತಿಯಾದರೆ ಮತ್ತೆ ತಿನ್ನುವುದು ಜಾಸ್ತಿ. ಮೂಗಿನ ತುದಿ ಬರುವ ತನಕ ಈ ಜಗ್ಗಾಟ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ತುದಿ ದಾಟಿದರೆ ನಿಲ್ಲುವುದಿಲ್ಲ. ಹಳೇ ಇಂಡಕ್ಷನ್ ಜನರೇಟರಿನ ಫ್ಯಾನುಗಳು ಇದ್ದರೆ ಕೇಳಲೇಬೇಡಿ, ವೋಲ್ಟೇಜ್ ಬಿದ್ದಾಗ ಅವೂ ಗ್ರಿಡ್ಡಿನಿಂದ ಇನ್ನೂ ಹೆಚ್ಚು ರಿಯಾಕ್ಟಿವ್ ಪವರ್ ಎಳೆಯುತ್ತವೆ.

ಇನ್ನೊಂದು ಓಟ. ಒಂದೇ ಸರ್ಕ್ಯೂಟ್, ಗಾಳಿ ಸೊನ್ನೆ, ಕೆಪಾಸಿಟರ್ ಆನ್. ವೋಲ್ಟೇಜ್ 122 ಕೆವಿ. ಈ ಅಂಕಿ ಪರದೆ ಮೇಲೆ ಮೊದಲ ಸಲ ಬಂದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಆ ರಾತ್ರಿ 120 ದಾಟಿದ ಮುಳ್ಳು ಕಣ್ಣೆದುರಿಗೆ ಬಂತು.

ಇಲ್ಲಿ ಒಂದು ಮಾತು ಹೇಳಬೇಕು. ಫ್ರೀಕ್ವೆನ್ಸಿ ಇಡೀ ದೇಶಕ್ಕೆ ಒಂದೇ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಸೇರಿದ ಮೇಲೆ ದಕ್ಷಿಣದ ಗ್ರಿಡ್ಡೂ ದೇಶದ ಗ್ರಿಡ್ಡಿನ ಜೊತೆ ಒಂದೇ ತಾಳದಲ್ಲಿ ಇದೆ. ಎಲ್ಲೋ ಮೆಗಾವಾಟ್ ಕಡಿಮೆಯಾದರೆ ಸಾವಿರ ಕಿಲೋಮೀಟರ್ ಆಚೆಯ ಜನರೇಟರ್ ಕೈ ಕೊಡುತ್ತದೆ. ವೋಲ್ಟೇಜ್ ಹಾಗಲ್ಲ. ರಿಯಾಕ್ಟಿವ್ ಪವರ್ ದೂರದಿಂದ ತರೋಕೆ ಆಗೋದಿಲ್ಲ, ದಾರಿಯಲ್ಲೇ ಲೈನ್ ತಿಂದು ಮುಗಿಸುತ್ತದೆ. ವೋಲ್ಟೇಜ್ ಬಿದ್ದ ಜಾಗದಲ್ಲೇ ಮದ್ದು ಹುಡುಕಬೇಕು. ಕರ್ನಾಟಕದಲ್ಲಿ ಈಗ ಗಾಳಿ ವಿದ್ಯುತ್ ಸಾಮರ್ಥ್ಯ 5,000 ಮೆಗಾವಾಟ್ ದಾಟಿದೆ. ಅದು ಇರುವುದು ಕಪ್ಪತಗುಡ್ಡ, ಜೋಗಿಮಟ್ಟಿಯಂಥ ಗಾಳಿ ಬೀಸುವ ಕಡೆ, ದೊಡ್ಡ ಊರುಗಳಿಂದ ದೂರ. ಮಳೆಗಾಲದ ರಾತ್ರಿ ಗಾಳಿ ಜೋರು, ಪಂಪ್‌ಸೆಟ್ ಬಂದ್, ಲೋಡ್ ಕಡಿಮೆ. ಅದಕ್ಕೇ ಈ ಲೆಕ್ಕ ನಮ್ಮ ಕಡೆಯವರಿಗೆ ಬರಲೇಬೇಕು ಎಂದು ನಾನು ಒತ್ತಿ ಹೇಳುವುದು.

ಮದ್ದು ಎಷ್ಟು ಬೇಕು ಎಂದೂ ಸಾಫ್ಟ್‌ವೇರ್ ಹೇಳುತ್ತದೆ. ಅದೇ ಒಂದು ಸರ್ಕ್ಯೂಟಿನ ಮಾದರಿಯಲ್ಲಿ ಗಾಳಿ ಕಡೆಯ ಬಸ್ಸನ್ನು ವೋಲ್ಟೇಜ್ ಹಿಡಿದಿಡುವ ಬಸ್ ಮಾಡಿ, ಅಂದರೆ ಟೈಪ್ 1 ಇದ್ದದ್ದನ್ನು 2 ಮಾಡಿ. 75 ಮೆಗಾವಾಟಿನಲ್ಲಿ ವೋಲ್ಟೇಜ್ 110ರಲ್ಲೇ ನಿಲ್ಲಬೇಕಾದರೆ ಒಟ್ಟು 25 ಎಂವಿಎಆರ್ ಸಾಕು. ಇದರಲ್ಲಿ 12.5 ಕೆಪಾಸಿಟರೇ ಕೊಡುತ್ತಿದೆ. ಉಳಿದದ್ದು? ನಮ್ಮ ದೇಶದ ನಿಯಮದ ಪ್ರಕಾರ ಹೊಸ ಗಾಳಿ ಸ್ಥಾವರಗಳು 0.95 ಪವರ್ ಫ್ಯಾಕ್ಟರ್ (ಒಟ್ಟು ಪವರಿನಲ್ಲಿ ಕೆಲಸಕ್ಕೆ ಬರುವ ಪಾಲು) ತನಕ ರಿಯಾಕ್ಟಿವ್ ಪವರ್ ಕೊಡುವಂತೆಯೂ ಎಳೆಯುವಂತೆಯೂ ಇರಬೇಕು. 75 ಮೆಗಾವಾಟಿಗೆ ಅದು ಸುಮಾರು 25 ಎಂವಿಎಆರ್ ಆಗುತ್ತದೆ. ಅಂದರೆ ಮದ್ದು ಯಂತ್ರದ ಒಳಗೇ ಇದೆ. ಯೂನಿಟಿ ಪವರ್ ಫ್ಯಾಕ್ಟರಿಗೆ, ಅಂದರೆ ಸೊನ್ನೆ ರಿಯಾಕ್ಟಿವ್ ಪವರಿಗೆ, ಕಟ್ಟಿಹಾಕಿದ ಕಂಟ್ರೋಲರನ್ನು ವೋಲ್ಟೇಜ್ ಕಂಟ್ರೋಲಿಗೆ ಬದಲಾಯಿಸಬೇಕು, ಅಷ್ಟೇ. ಹೊಸ ಸಾಮಾನು ಕೊಳ್ಳುವ ಮುಂಚೆ ಈ ಒಂದು ಓಟ ಓಡಿಸಿ ನೋಡಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ. ರನ್‌ಸಿಪಿಎಫ್‌ನಲ್ಲಿ ರಿಯಾಕ್ಟಿವ್ ಮಿತಿ ಪಾಲಿಸುವ ಆಯ್ಕೆ ಮೊದಲಿಗೆ ಆಫ್ ಇರುತ್ತದೆ. ನೀವೇ ಆನ್ ಮಾಡಬೇಕು. ಆಫ್ ಇಟ್ಟು ಓಡಿಸಿದರೆ ಮೇಲಿನ ಮಾದರಿಯಲ್ಲಿ ಮೂಗು 125 ಮೆಗಾವಾಟಿಗೆ ಸಿಗುತ್ತದೆ. ನೋಡೋಕೆ ಬಹಳ ಚೆಂದ. ಆದರೆ ಅಲ್ಲಿಗೆ ಮುಟ್ಟಬೇಕಾದರೆ ಗಾಳಿಯಂತ್ರ 112 ಎಂವಿಎಆರ್ ಕೊಡಬೇಕು. ಅದರ ಹತ್ತಿರ ಇರುವುದು 25. ಮಿತಿ ಆನ್ ಮಾಡಿ ಓಡಿಸಿದರೆ ಮೂಗು 91ಕ್ಕೆ ಇಳಿಯುತ್ತದೆ.

ಆ 91ರ ಮೂಗಿನ ತುದಿಯಲ್ಲಿ ವೋಲ್ಟೇಜ್ ಎಷ್ಟಿದೆ ಎಂದು ನೋಡಿ. 101 ಕೆವಿ. ಕೋಡಿನ ಕೆಳಗಿನ ಮಿತಿ 99. ಅಂದರೆ ಮೀಟರ್ ನೋಡಿದವರಿಗೆ ಇನ್ನೂ ಎರಡು ಕೆವಿ ಕೈಯಲ್ಲಿದೆ ಅನ್ನಿಸುತ್ತದೆ, ನಿಜದಲ್ಲಿ ಒಂದು ಮೆಗಾವಾಟೂ ಉಳಿದಿಲ್ಲ. ರಿಯಾಕ್ಟಿವ್ ಪವರ್ ಕೊಟ್ಟು ವೋಲ್ಟೇಜ್ ಎತ್ತಿ ಹಿಡಿದಷ್ಟೂ ಮೂಗಿನ ತುದಿಯೂ ಮೇಲಕ್ಕೆ ಬರುತ್ತದೆ. ಏನೂ ನೆರವಿಲ್ಲದ ಬರೀ ಲೈನಿನಲ್ಲಿ ತುದಿ ಇರುವುದು 78 ಕೆವಿಯಲ್ಲಿ, ಅಲ್ಲಿಗೆ ಹೋಗುವ ಮುಂಚೆ ಯಾರಿಗಾದರೂ ಗೊತ್ತಾಗುತ್ತದೆ. ನೆರವು ಕೊಟ್ಟ ಲೈನಿನಲ್ಲಿ ಗೊತ್ತೇ ಆಗುವುದಿಲ್ಲ. ನನ್ನ ಆ ರಾತ್ರಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ವೋಲ್ಟೇಜ್ ಮೀಟರ್ ನಾವು ಎಲ್ಲಿದ್ದೇವೆ ಎಂದು ಹೇಳುತ್ತದೆ, ಅಂಚು ಎಷ್ಟು ದೂರ ಎಂದು ಹೇಳುವುದಿಲ್ಲ. ಅದನ್ನು ಲೆಕ್ಕ ಹಾಕಿಯೇ ತಿಳಿಯಬೇಕು, ಅದೂ ಒಂದು ಲೈನ್ ಹೋದರೆ ಎಂದು ಊಹಿಸಿಕೊಂಡು.

ಎರಡು ಬಸ್ಸಿನ ಪಾಠ ಮುಗಿದ ಮೇಲೆ ಜೊತೆಗೇ ಬರುವ 14 ಬಸ್ಸಿನ ಫೈಲಿಗೆ ಹೋಗಬಹುದು. 259 ಮೆಗಾವಾಟ್ ಲೋಡಿನ ಸಣ್ಣ ಗ್ರಿಡ್. ಅದರ 14ನೇ ಬಸ್ ದುರ್ಬಲ ಎಂದು ಹೆಸರಾದದ್ದು. ಗಾಳಿಯನ್ನು ಅಲ್ಲಿ ಹಾಕಿ, ಆಮೇಲೆ 3ನೇ ಬಸ್ಸಿಗೆ ಹಾಕಿ, ಮಾರ್ಜಿನ್ ಹೇಗೆ ಬದಲಾಗುತ್ತೆ ನೋಡಿ. ಮುಂದೆ 39, 118, 300 ಬಸ್ಸಿನ ಫೈಲುಗಳಿವೆ. ಸಾವಿರಾರು ಬಸ್ಸಿನ ಯುರೋಪಿನ ಮಾದರಿಗಳೂ ಇವೆ. ನಮ್ಮ ಕರ್ನಾಟಕದ ಗ್ರಿಡ್ಡಿನ ಫೈಲ್ ಇಲ್ಲ, ಡೇಟಾ ನೀವೇ ತುಂಬಿಸಬೇಕು.

ಡೇಟಾ ತುಂಬುವುದು ಇದರ ಬೇಸರದ ಭಾಗ. ಚಿತ್ರ ಬಿಡಿಸಿ ಎಳೆದು ಬಿಡುವ ಸೌಲಭ್ಯ ಇಲ್ಲ. ಬರೀ ಅಂಕಿಗಳ ಕೋಷ್ಟಕ. ಒಂದು ಕಾಲಂ ಹೆಚ್ಚು ಕಡಿಮೆಯಾದರೆ ಇಡೀ ದಿನ ಹೋಗುತ್ತದೆ. ನನ್ನ ಉಪಾಯ ಇಷ್ಟು: ಮೊದಲು ಕಾಗದದ ಮೇಲೆ ಸಿಂಗಲ್ ಲೈನ್ ಡಯಾಗ್ರಾಂ ಬರೆದು ಪ್ರತಿ ಬಸ್ಸಿಗೆ ನಂಬರ್ ಕೊಟ್ಟುಕೊಳ್ಳಿ. ಆಮೇಲೆ ಕೋಷ್ಟಕ ತುಂಬಿ. ಟ್ರಾನ್ಸ್‌ಫಾರ್ಮರಿನ ವೋಲ್ಟೇಜ್ ಏರಿಸಿ ಇಳಿಸುವ ಟ್ಯಾಪ್ ಕೂಡ ತಾನಾಗಿ ಬದಲಾಗುವುದಿಲ್ಲ, ಕೊಟ್ಟ ಜಾಗದಲ್ಲೇ ಕೂತಿರುತ್ತದೆ. ನಿಜವಾದ ಸಬ್‌ಸ್ಟೇಷನ್‌ನಲ್ಲಿ ಟ್ಯಾಪ್ ಏರಿ ಏರಿ ಲೋಡನ್ನು ವಾಪಸ್ ತಂದು ಪರಿಸ್ಥಿತಿ ಕೆಡಿಸುವುದುಂಟು, ಅದನ್ನು ಬೇರೆ ಬೇರೆ ಓಟ ಓಡಿಸಿ ನೀವೇ ನೋಡಿಕೊಳ್ಳಬೇಕು. ಮ್ಯಾನ್ಯುಯಲ್ ಇನ್ನೂರು ಪುಟ ದಾಟುತ್ತದೆ, ಆದರೆ ಬಹಳ ಪ್ರಾಮಾಣಿಕವಾಗಿ ಬರೆದಿದ್ದಾರೆ. ಒಂದೊಂದು ಸೂತ್ರವೂ ಅಲ್ಲಿದೆ.

ಇದರಿಂದ ಆಗದ ಕೆಲಸವೂ ಇದೆ, ಅದನ್ನು ಮುಚ್ಚಿಡಬಾರದು. ಇದು ಸೆಕೆಂಡಿನ ಒಳಗೆ ನಡೆಯುವುದನ್ನು ತೋರಿಸುವುದಿಲ್ಲ. 2016ರ ಸೆಪ್ಟೆಂಬರ್ 28ರಂದು ದಕ್ಷಿಣ ಆಸ್ಟ್ರೇಲಿಯಾ ಪೂರ್ತಿ ಕತ್ತಲಾಯಿತು. ಬಿರುಗಾಳಿಗೆ ಟವರುಗಳು ಬಿದ್ದವು. ಎರಡು ನಿಮಿಷದಲ್ಲಿ ಆರು ಸಲ ವೋಲ್ಟೇಜ್ ಕುಸಿಯಿತು. ಇಷ್ಟು ಸಲಕ್ಕಿಂತ ಹೆಚ್ಚು ಕುಸಿದರೆ ಹಿಂದೆ ಸರಿ ಎಂದು ಹಲವು ಗಾಳಿಯಂತ್ರಗಳಲ್ಲಿ ಸೆಟ್ಟಿಂಗ್ ಇತ್ತು. ಏಳು ಸೆಕೆಂಡಿನ ಒಳಗೆ 456 ಮೆಗಾವಾಟ್ ಹೋಯಿತು. ಪಕ್ಕದ ವಿಕ್ಟೋರಿಯಾ ರಾಜ್ಯದಿಂದ ಬರುವ ಹೇವುಡ್ ಲೈನ್ ಆ ಭಾರ ತಡೆಯದೆ ಟ್ರಿಪ್ ಆಯಿತು. ಎಂಟೂವರೆ ಲಕ್ಷ ಗ್ರಾಹಕರಿಗೆ ಕರೆಂಟು ಹೋಯಿತು. ಆಮೇಲೆ ಅಲ್ಲಿ ನಾಲ್ಕು ಸಿಂಕ್ರೊನಸ್ ಕಂಡೆನ್ಸರ್, ಅಂದರೆ ತಿರುಗುತ್ತಾ ವೋಲ್ಟೇಜ್ ಹಿಡಿದಿಡುವ ದೊಡ್ಡ ಯಂತ್ರ, ಕೂರಿಸಿದರು. ಇಂಥದ್ದನ್ನು ಮ್ಯಾಟ್‌ಪವರ್ ಹಿಡಿಯಲಾರದು. ನಮ್ಮ ದೇಶದಲ್ಲಿ ವೋಲ್ಟೇಜ್ ಶೇ. 15ಕ್ಕೆ ಕುಸಿದರೂ ಗಾಳಿಯಂತ್ರ 300 ಮಿಲಿಸೆಕೆಂಡ್ ಗ್ರಿಡ್ಡಿಗೆ ಅಂಟಿಕೊಂಡಿರಬೇಕು ಎಂಬ ನಿಯಮ ಇದೆ. ಅದನ್ನು ಪರೀಕ್ಷೆ ಮಾಡೋಕೂ ಇದು ಸಾಲದು. ಅದಕ್ಕೆ ಪಿಎಸ್‌ಕ್ಯಾಡ್‌ನಂಥ ಸಾಫ್ಟ್‌ವೇರ್ ಬೇಕು, ಅದಕ್ಕೆ ದುಡ್ಡೂ ಬೇಕು. ಪುಕ್ಕಟೆಯೇ ಬೇಕೆಂದರೆ ಪೈಥಾನಿನಲ್ಲಿ ಬರೆದ ಆಂಡೀಸ್ ಇದೆ, ಅದನ್ನು ನಾನು ಈಗಷ್ಟೇ ಕಲಿಯುತ್ತಿದ್ದೇನೆ.

ಅಂಕ ಕೊಡಿ ಅಂದರೆ ಐದಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ಆ ರಿಯಾಕ್ಟಿವ್ ಮಿತಿಯ ಆಯ್ಕೆ ಮೊದಲೇ ಆನ್ ಇರಬೇಕಿತ್ತು ಎಂಬ ಕಾರಣಕ್ಕೆ. ಗೊತ್ತಿಲ್ಲದವರು 125ನ್ನೇ ನಂಬಿ ರಿಪೋರ್ಟ್ ಬರೆದುಬಿಡಬಹುದು.

ಹೋದ ಆಗಸ್ಟಿನಲ್ಲಿ ನನ್ನ ಹಳೇ ವಿದ್ಯಾರ್ಥಿನಿ ಒಬ್ಬಳು ಫೋನ್ ಮಾಡಿದ್ದಳು. ಈಗ ಒಂದು ಗಾಳಿ ಸ್ಥಾವರದ ಪೂಲಿಂಗ್ ಸ್ಟೇಷನ್ನಿನಲ್ಲಿ (ಎಲ್ಲ ಫ್ಯಾನುಗಳ ಕರೆಂಟು ಬಂದು ಸೇರುವ ಜಾಗ) ಶಿಫ್ಟ್ ಇಂಜಿನಿಯರ್. “ಸರ್, ನಮ್ಮಲ್ಲಿ ಮಳೆಗಾಲದಾಗ ಒಂದು ಲೈನ್ ಮೇಂಟೆನೆನ್ಸಿಗೆ ತಗೋತಾರ. ಎಷ್ಟು ಮೆಗಾವಾಟಿಗೆ ಇಳಿಸಬೇಕು ಅಂತ ಯಾರೂ ಹೇಳವಲ್ರು” ಅಂದಳು. ಎರಡು ಬಸ್ಸಿನ ಫೈಲ್ ಕಳಿಸಿದೆ. ಲೈನಿನ ಉದ್ದ, ಕಂಡಕ್ಟರ್, ಟ್ರಾನ್ಸ್‌ಫಾರ್ಮರ್ ನೇಮ್ ಪ್ಲೇಟಿನ ಇಂಪೀಡೆನ್ಸ್ ಹಾಕಿ, ಮಿತಿ ಆನ್ ಮಾಡಿ ಓಡಿಸು ಎಂದೆ. ಮೂರನೇ ದಿನ ಮೂಗಿನ ಚಿತ್ರದ ಫೋಟೋ ಬಂತು. ತುದಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಅದಕ್ಕಿಂತ ಸಾಕಷ್ಟು ಹಿಂದೆ ಇನ್ನೊಂದು ಗೆರೆ ಎಳೆದಿದ್ದಳು. ಪಕ್ಕದಲ್ಲಿ ಮೆಗಾವಾಟ್ ಬರೆದು, ಶಿಫ್ಟಿನವರೆಲ್ಲ ನೋಡಲಿ ಎಂದು ಪ್ಯಾನೆಲ್ಲಿಗೆ ಅಂಟಿಸಿದ್ದಳು, ವೋಲ್ಟೇಜ್ ಮೀಟರಿನ ಸರಿಯಾಗಿ ಕೆಳಗೆ.